ಗುಡೇಕೋಟೆಯಲ್ಲಿ ತೊಗಲು ಹದಗೊಂಡ ವರ್ಷ

ಕಳೆದ ವಾರ ಬಾಗಳಿಯಲ್ಲಿ ಕುರಿಗಳಿಗೆ ಲಸಿಕೆ ಹಾಕುವ ಕೆಲಸವಿತ್ತು. ನಾನೀಗ ಹರಪನಹಳ್ಳಿ ಸೀಮೆಯಲ್ಲಿ ಪಶು ಪರೀಕ್ಷಕಿ. ಬೆಳಿಗ್ಗೆ ಬೇಗನೆ ಹೋಗಿ, ಕಲ್ಲೇಶ್ವರ ಗುಡಿಯ ಆಚೆಯ ಬಯಲಿನಲ್ಲಿ ನಿಂತಿದ್ದ ಮಂದೆಗಳಿಗೆ ಸೂಜಿ ಚುಚ್ಚಿ ಮುಗಿಸುವಷ್ಟರಲ್ಲಿ ಹೊತ್ತು ಏರಿತ್ತು. ಔಷಧಿ ಪೆಟ್ಟಿಗೆಗೆ ಬಾಯಿ ಹಾಕಲು ಬಂದ ಮೇಕೆಯೊಂದನ್ನು ಓಡಿಸಲು ಬದುವಿನ ತಂಗಡಿ ಗಿಡದಿಂದ ಒಂದು ಟೊಂಗೆ ಮುರಿದೆ. ಹಸಿ ತೊಗಟೆ ಸರ್ರನೆ ಸುಲಿದು ಕೈಗೆ ಬಂತು. ಆ ಒಗರು ವಾಸನೆ ಮೂಗಿಗೆ ಹತ್ತಿದ್ದೇ ತಡ, ಮೇಕೆ ಮರೆತುಹೋಯಿತು. ಗುಡೇಕೋಟೆಯಲ್ಲಿ ನಾನು ಕಳೆದ ಒಂದು ವರ್ಷ, ಆ ವರ್ಷವೆಲ್ಲ ನನ್ನ ಅಪ್ಪನ ಬಟ್ಟೆಯಿಂದ ಬರುತ್ತಿದ್ದ ವಾಸನೆ, ಒಟ್ಟಿಗೇ ನೆನಪಿಗೆ ಬಂದವು.

ಗುಡೇಕೋಟೆಯ ಪಶು ಆಸ್ಪತ್ರೆಗೆ ನನ್ನನ್ನು ಹಾಕಿದ್ದು ಆಷಾಢದಲ್ಲಿ. ಗುಂಡುಕಲ್ಲಿನ ಗುಡ್ಡಗಳ ನಡುವಿನಿಂದ ಗಾಳಿ ಎಷ್ಟು ಬೀಸುತ್ತಿತ್ತೆಂದರೆ ಬಾಗಿಲಿಗೆ ಕಲ್ಲು ಅಡ್ಡ ಇಟ್ಟುಕೊಂಡೇ ಕೂರಬೇಕಿತ್ತು. ಮೋಡಗಳು ದಿನವೂ ಬರುತ್ತಿದ್ದವು, ತಲೆಯ ಮೇಲೆ ಹಾದು ಮುಂದಿನ ಸೀಮೆಗೆ ಹೋಗುತ್ತಿದ್ದವು. ಬೆಳಗಾದರೆ ಕುರಿಮಂದೆಗಳು ಗುಡ್ಡದ ಕುರುಚಲಿಗೆ ಏರುತ್ತಿದ್ದವು, ಸಂಜೆ ಧೂಳಿನ ಜೊತೆ ಇಳಿಯುತ್ತಿದ್ದವು. ನಾನು ಸಣ್ಣದೊಂದು ಮನೆ ಬಾಡಿಗೆಗೆ ಹಿಡಿದು ಒಬ್ಬಳೇ ಇದ್ದೆ. ಅಪ್ಪ, ಅವ್ವ ನಮ್ಮೂರು ತಂಬ್ರಹಳ್ಳಿಯಲ್ಲಿದ್ದರು.

ಸೇರಿ ಇನ್ನೂ ತಿಂಗಳಾಗಿರಲಿಲ್ಲ. ಒಂದು ಬೆಳಿಗ್ಗೆ ಮೈಲಾರಪ್ಪ ಎಂಬ ಕುರಿಗಾರ ಕಂಬಳಿಯಲ್ಲಿ ಎರಡು ಮರಿಗಳನ್ನು ಸುತ್ತಿಕೊಂಡು ಬಂದ. ಐವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಕಂಬಳಿ ಬಿಚ್ಚಿದರೆ ಒಂದು ಮರಿ ಆಗಲೇ ಸತ್ತಿತ್ತು. ಇನ್ನೊಂದರ ಕುತ್ತಿಗೆ ಹರಿದಿತ್ತು.

“ನಾಯಿ, ಡಾಕ್ಟ್ರಮ್ಮ. ಮುಳ್ಳುಬೇಲಿ ಹಾರಿ ಕುರಿ ರೊಪ್ಪದಾಗ ನುಗ್ಗ್ಯಾವ. ತೋಳ ಆಗಿದ್ರ ಒಂದು ಒಯ್ದು ಸುಮ್ನಾಗ್ತಿತ್ತು. ಇವು ಹಸಿವಿಗೆ ಕಡಿಯಂಗಿಲ್ಲ, ಚಟಕ್ಕ ಕಡೀತಾವ” ಅಂದ.

ಹರಿದ ಕುತ್ತಿಗೆಗೆ ಹೊಲಿಗೆ ಹಾಕಿದೆ. ಆ ಮರಿ ಬದುಕಿತು. ಆದರೆ ಮುಂದಿನ ವಾರ ಇನ್ನೊಬ್ಬರ ಮರಿ, ಅದರ ಮುಂದಿನ ವಾರ ಮತ್ತೊಬ್ಬರದು. ಇಷ್ಟು ನಾಯಿಗಳು ಎಲ್ಲಿ ಏನು ತಿನ್ನುತ್ತವೆ ಎಂದು ನೋಡಲು ಒಂದು ದಿನ ಹಳ್ಳದ ಗುಂಟ ನಡೆದುಹೋದೆ. ಮೂಗೇ ದಾರಿ ತೋರಿಸಿತು. ಊರ ಕೆಳಗಿನ ಹಳ್ಳದ ತಿರುವಿನಲ್ಲಿ ಕುರಿ, ಮೇಕೆಯ ತೊಗಲುಗಳ ರಾಶಿ ಬಿದ್ದಿತ್ತು. ಮೇಲಿನವು ಹಸಿ, ಕೆಳಗಿನವು ಕೊಳೆತು ನೀರಿಗೆ ಇಳಿದಿದ್ದವು. ಅದರ ಮೇಲೆ ಕಾಲೂರಿ ನಿಂತಿದ್ದ ನಾಯಿಗಳು ನನ್ನನ್ನು ಕಂಡು ಸರಿಯಲೂ ಇಲ್ಲ. ಅದೇ ಹಳ್ಳದ ನೀರನ್ನು ಇನ್ನಷ್ಟು ಕೆಳಗೆ ಮಂದೆಗಳು ಕುಡಿಯುತ್ತಿದ್ದವು.

ಮಾಂಸದಂಗಡಿಯ ಹುಸೇನಸಾಬರನ್ನು ಕೇಳಿದೆ. ಅವರು ಮುಚ್ಚುಮರೆ ಮಾಡಲಿಲ್ಲ.

“ಮೊದಲು ತೊಗಲಿನ ಲಾರಿ ಬರ್ತಿತ್ತು ಮೇಡಂ, ಎಣಿಸಿ ಒಯ್ತಿದ್ರು. ಈಗ ಪುಕ್ಕಟೆ ಕೊಡ್ತೀನಿ ಅಂದ್ರೂ ಬರಂಗಿಲ್ಲ. ಉಪ್ಪು ಹಾಕಿ ಇಟ್ರ ಉಪ್ಪಿನ ಖರ್ಚೂ ಹುಟ್ಟಂಗಿಲ್ಲ. ನಾನೇನು ಮಾಡ್ಲಿ, ಹೇಳ್ರಿ?”

ಅಂಗಡಿಯ ಮುಂದೆ ನಿಂತಿದ್ದ ಮೈಲಾರಪ್ಪನ ಕಾಲು ನೋಡಿದೆ. ಕೊಟ್ಟೂರಿನ ಸಂತೆಯಲ್ಲಿ ಕೊಂಡ ಪ್ಲಾಸ್ಟಿಕ್ ಚಪ್ಪಲಿ, ಹಿಮ್ಮಡಿಯಲ್ಲಿ ಮುಳ್ಳು ತೂರಿ ತೂತಾಗಿತ್ತು. ಕುರಿಯ ತೊಗಲು ಹಳ್ಳದಲ್ಲಿ ಕೊಳೆಯುತ್ತಿದೆ, ಕುರಿಗಾರ ಯಾವ ಊರಿನದೋ ಪ್ಲಾಸ್ಟಿಕ್ ಮೆಟ್ಟಿಕೊಂಡು ಮುಳ್ಳು ತುಳಿಯುತ್ತಿದ್ದಾನೆ. ಅದನ್ನು ಕಂಡ ಮೇಲೆ ಸುಮ್ಮನಿರಲು ನನಗೆ ಆಗಲಿಲ್ಲ. ಯಾಕೆಂದರೆ ತೊಗಲು ಹದ ಮಾಡುವ ಮನುಷ್ಯನೊಬ್ಬ ನನ್ನ ಮನೆಯಲ್ಲೇ ಇದ್ದ.

ನನ್ನ ಅಪ್ಪ ಹುಲುಗಪ್ಪ ತನ್ನ ಮೂವತ್ತನೆಯ ವಯಸ್ಸಿನವರೆಗೆ ಅದೇ ಕೆಲಸ ಮಾಡಿದವನು. ಆಮೇಲೆ ಹಗರಿಬೊಮ್ಮನಹಳ್ಳಿಯ ಒಂದು ಶಾಲೆಯಲ್ಲಿ ಅಟೆಂಡರ್ ಆಗಿ, ಗಂಟೆ ಬಾರಿಸಿ, ಬಾಗಿಲು ತೆಗೆದು ಹಾಕಿ, ನಿವೃತ್ತನಾಗಿದ್ದ. ನಾನು ಹುಟ್ಟುವ ಹೊತ್ತಿಗೆ ಮನೆಯಲ್ಲಿ ತೊಗಲಿನ ಸುಳಿವೂ ಇರಲಿಲ್ಲ. ಅದರ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಹುಸೇನಸಾಬರಿಂದ ಒಂದು ಹಸಿ ತೊಗಲು ತಂದು, ಉಪ್ಪು ಸವರಿ, ಗೊಬ್ಬರದ ಚೀಲದಲ್ಲಿ ಕಟ್ಟಿ, ಶನಿವಾರ ಬಸ್ಸು ಹತ್ತಿದೆ. ಕೂಡ್ಲಿಗಿ ದಾಟುವವರೆಗೆ ಏನೂ ಆಗಲಿಲ್ಲ. ಬಿಸಿಲು ಏರಿದಂತೆ ವಾಸನೆಯೂ ಏರಿತು. ಜನ ಮೂಗು ಮುಚ್ಚಿಕೊಂಡು ಅತ್ತಿತ್ತ ನೋಡತೊಡಗಿದರು. ಕಂಡಕ್ಟರ್ ಬಂದ.

“ಯಾರದ್ರಿ ಈ ಚೀಲ? ಏನೈತಿ ಇದ್ರಾಗ?”

ಆಸ್ಪತ್ರೆಯ ಸ್ಯಾಂಪಲ್ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಈ ಕೆಲಸವನ್ನು ಸುಳ್ಳು ಹೇಳಿ ಶುರು ಮಾಡಬಾರದು ಅನ್ನಿಸಿತು.

“ನಂದು. ಕುರಿ ತೊಗಲು.”

“ಇಳೀರಿ ಮೇಡಂ.”

ಕೊಟ್ಟೂರು ಇನ್ನೂ ಮೂರ್ನಾಲ್ಕು ಕಿಲೋಮೀಟರ್ ಇರುವಾಗ ಇಳಿಸಿ ಬಸ್ಸು ಹೋಯಿತು. ಕಿಟಕಿಯಿಂದ ಒಂದಿಬ್ಬರು ತಿರುಗಿ ನೋಡಿ ನಕ್ಕರು. ಚೀಲವನ್ನು ಹೆಗಲಿಗೆ ಹಾಕಿಕೊಂಡು ನಡೆದೆ. ಉಪ್ಪುನೀರು ಸೋರಿ ಬೆನ್ನು ಒದ್ದೆಯಾಯಿತು. ನನ್ನ ಅಜ್ಜ ಹೀಗೇ ನಡೆದಿರಬೇಕು. ಆದರೆ ಅವನಿಗೆ ಬೇಡ ಎನ್ನುವ ದಾರಿ ಇರಲಿಲ್ಲ. ನನಗೆ ಇತ್ತು. ಅಷ್ಟು ವ್ಯತ್ಯಾಸವನ್ನು ಹಿಡಿದುಕೊಂಡೇ ಕೊಟ್ಟೂರು ತಲುಪಿ, ಸರಕು ಸಾಗಿಸುವ ಆಟೋ ಹಿಡಿದು ಊರಿಗೆ ಬಂದೆ.

ಅವ್ವ ಬಾಗಿಲಲ್ಲೇ ನಿಲ್ಲಿಸಿದಳು. ಚೀಲದಲ್ಲಿ ಏನಿದೆ ಎಂದು ಕೇಳಬೇಕಾದ ಅಗತ್ಯ ಅವಳಿಗಿರಲಿಲ್ಲ.

“ಹಿತ್ತಲಾಗ ಇಡು. ಮೈ ತೊಳಕೊಂಡು ಒಳಗ ಬಾ.”

ಊಟಕ್ಕೆ ಕೂತಾಗ ನಾಯಿಗಳ ಕತೆ, ಹಳ್ಳದ ಕತೆ ಎಲ್ಲ ಹೇಳಿದೆ. ಅಪ್ಪ ರೊಟ್ಟಿ ಮುರಿಯುತ್ತ ತಲೆ ಎತ್ತಲಿಲ್ಲ. ಅವ್ವ ಕೊನೆಯವರೆಗೆ ಕೇಳಿ, ಮುಚ್ಚಳ ಸದ್ದಾಗುವಂತೆ ಪಾತ್ರೆಯ ಮೇಲಿಟ್ಟಳು.

“ನಿಮ್ಮಜ್ಜನ್ನ ಹೆಂಗ ಕರೀತಿದ್ರು ಗೊತ್ತೈತೇನು ನಿನಗ? ಹೆಸರು ಹಿಡಿದಲ್ಲ. ‘ದನ ಬಿದ್ದೈತಿ, ಬರಾಕ ಹೇಳ್ರಲೇ’ ಅಂತ ಬೀದಿಯಾಗ ನಿಂತು ಕೂಗ್ತಿದ್ರು. ಉಣ್ಣಾಕ ಕುಂತಿದ್ರೂ ಎದ್ದು ಹೋಗಬೇಕು. ಅದ ತೊಗಲಿನ್ಯಾಗ ಅವರಿಗೆ ಚಪ್ಪಲಿ ಹೊಲದು ಕೊಟ್ಟು, ಅವರ ಅಂಗಳದಾಗ ದೂರ ನಿಂದರಬೇಕು. ಬುದ್ಧನ ಪಟ ಮನಿಗೆ ತಂದ ದಿನ ನಿಮ್ಮಪ್ಪ ಕತ್ತಿ, ಉಳಿ ಎಲ್ಲಾ ಬಾವಿಗೆ ಒಗದಾನ. ನೀನು ಸರ್ಕಾರಿ ಕೆಲಸದಾಕಿ, ಬಸ್ಸಿನ್ಯಾಗ ತೊಗಲು ಹೊತಗೊಂಡು ಬಂದೀಯಲ್ಲ!”

“ಅವ್ವ, ತಪ್ಪು ತೊಗಲಿಂದಲ್ಲ. ಹಂಗ ಕೂಗಿದೋರದು.”

“ಕೂಗೋರು ಇನ್ನೂ ಅದಾರ” ಅಂದು ಅವ್ವ ಎದ್ದು ಹೋದಳು.

ಮರುದಿನ ಬೆಳಿಗ್ಗೆ ಹಿತ್ತಲಿಗೆ ಹೋದರೆ ಅಪ್ಪ ಚೀಲ ಬಿಚ್ಚಿ, ತೊಗಲನ್ನು ಬಂಡೆಯ ಮೇಲೆ ಹರವಿಕೊಂಡು ಕುಕ್ಕುರುಗಾಲಲ್ಲಿ ಕೂತಿದ್ದ. ಹೆಬ್ಬೆರಳನ್ನು ಒಂದು ಕಡೆಯಿಂದ ಮೆಲ್ಲಗೆ ಎಳೆಯುತ್ತಿದ್ದ. ನಾನು ಪಕ್ಕದಲ್ಲಿ ಕೂತೆ.

“ಇಲ್ನೋಡು. ಹೊಟ್ಟಿ ನೋವು ಅಂತ ಬರಿ ಹಾಕ್ಯಾರ, ಕಾಸಿದ ಕಬ್ಬಿಣ. ಇಲ್ಲಿ ಉಣ್ಣಿ ಕಚ್ಚಿದ ಕುಳಿ. ಇದು ಮುಳ್ಳುಬೇಲಿ ಗೀರಿದ್ದು. ಇದು ಸಿಡುಬು ಎದ್ದು ಮಾದ ಜಾಗ. ಈ ಮೂರು ಗೀರು ಮಾತ್ರ ಸತ್ತ ಮ್ಯಾಲ ಆಗ್ಯಾವ, ಸುಲಿಯಾಗ ಕತ್ತಿ ತಪ್ಪಿ.” ತೊಗಲನ್ನು ಮಡಿಸುತ್ತ ಮುಂದುವರಿಸಿದ. “ಒಳ್ಳೆ ತೊಗಲು ಹದದ ಗುಂಡಿಯಾಗ ಆಗಂಗಿಲ್ಲ ಸುಜಾತ. ಕುರಿ ಬದುಕಿದ್ದಾಗ ಆಗಬೇಕು. ಅದು ನಿನ್ನ ಕೆಲಸ.”

ಆರು ವರ್ಷ ಪಶುಗಳ ನಡುವೆ ಕೆಲಸ ಮಾಡಿದ್ದರೂ ನನಗೆ ಹಾಗೆ ಯಾರೂ ಹೇಳಿರಲಿಲ್ಲ.

“ಮತ್ತ ನಿನ್ನ ಕೆಲಸ?” ಅಂದೆ.

ಅಪ್ಪ ಕೈ ತೊಳೆದುಕೊಂಡ. “ಬರ್ತೀನಿ. ಆದ್ರ ಒಂದು ಮಾತು. ನಾನು ಯಾರ ಬಾಗಿಲಿಗೂ ತೊಗಲಿಗೆ ಹೋಗಂಗಿಲ್ಲ, ನೀನೂ ಹೋಗಂಗಿಲ್ಲ. ಬೇಕಾದೋರು ತಮ್ಮ ಕೈಯಾಗ ಹಿಡಕೊಂಡು ತರಬೇಕು. ಅದಾಗಂಗಿಲ್ಲ ಅಂದ್ರ ಈ ಮಾತು ಇಲ್ಲಿಗ ಬಿಡು.”

ಅವ್ವ ಬರುವುದಿಲ್ಲ ಎಂದಳು. ಅಪ್ಪನ ಜೊತೆ ಬರಲೂ ಇಲ್ಲ.

ಗುಡೇಕೋಟೆಗೆ ಮರಳಿ ಮೈಲಾರಪ್ಪನಿಗೆ ಅಪ್ಪನ ಮಾತು ತಿಳಿಸಿದೆ. ಅವನಿಗೆ ನಾವು ಯಾವ ಕೇರಿಯವರು ಎಂದು ಗೊತ್ತಾದದ್ದೂ ಆಗಲೇ. ನಾನು ಕೊಟ್ಟಿದ್ದ ಚಹಾದ ಲೋಟವನ್ನು ಅವನು ಕೆಳಗಿಡಲೂ ಇಲ್ಲ, ಕುಡಿಯಲೂ ಇಲ್ಲ.

“ಯಾರನ್ನಾದ್ರೂ ಕಳಸ್ರಿ ಡಾಕ್ಟ್ರಮ್ಮ, ಒಯ್ಲಿ. ನಾವ ಹೊತಗೊಂಡು ಬರಬೇಕಂದ್ರ... ನಮ್ಮ ಮಂದಿ ಏನಂದಾರು?”

“ಹಂಗಾದ್ರ ಆಗಂಗಿಲ್ಲ ಮೈಲಾರಪ್ಪ. ನಾಯಿಗಳಿಗೆ ಬ್ಯಾರೆ ಏನಾದ್ರೂ ನೋಡೋಣು.”

ಅವನ ಹೆಂಡತಿ ಸಿದ್ದಮ್ಮ ಹೊಲಿಗೆ ಬಿಚ್ಚಿಸಲು ಮರಿಯನ್ನು ಮಡಿಲಲ್ಲಿ ಹಿಡಿದು ಅಲ್ಲೇ ಕೂತಿದ್ದಳು. ಗಂಡನ ಕಡೆ ತಿರುಗಿದಳು.

“ಜೀವ ಇದ್ದಾಗ ತೋಳಿನ್ಯಾಗ ಎತ್ತಾಡಸ್ತೀವಿ. ಹಬ್ಬದಾಗ ಕೊಯ್ದು ಬಾಯಿಗಿಟ್ಟು ತಿಂತೀವಿ. ತೊಗಲು ಅಂದಕೂಡ್ಲೆ ಕೈ ಹಿಂದಕ್ಕ ಸರೀತಾವೇನು? ನೀನು ತರಬ್ಯಾಡ ಬಿಡು. ನಾನು ತರ್ತೀನಿ.”

ಮುಂದಿನ ಭಾನುವಾರ ಹುಸೇನಸಾಬರ ಅಂಗಡಿಯಿಂದ ತೊಗಲುಗಳನ್ನು ಬುಟ್ಟಿಯಲ್ಲಿ ಹಾಕಿ ತಲೆಯ ಮೇಲೆ ಹೊತ್ತು, ನಡುಬೀದಿಯಲ್ಲೇ ನಡೆದು ಬಂದಳು. ನೋಡುವವರು ನೋಡಲಿ ಎಂದೇ ಅವಳು ಆ ದಾರಿ ಹಿಡಿದಳೆಂದು ಆಮೇಲೆ ನಗುತ್ತ ಹೇಳಿದಳು. ಅದರ ಮರುವಾರ ಬುಟ್ಟಿ ಹೊತ್ತವನು ಮೈಲಾರಪ್ಪ. ಗುಡ್ಡದ ಬುಡದಲ್ಲಿ ಅವನದೊಂದು ಹಳೆಯ ಕುರಿದೊಡ್ಡಿ ಖಾಲಿ ಬಿದ್ದಿತ್ತು. ಅದನ್ನೂ ಬಿಟ್ಟುಕೊಟ್ಟ.

ಅಪ್ಪ ಒಂದು ಟ್ರಂಕು, ಕೊಟ್ಟೂರಿನ ಕಮ್ಮಾರನಿಂದ ಹೊಸದಾಗಿ ಹೊಡೆಸಿದ ಕತ್ತಿಗಳನ್ನು ಹಿಡಿದು ಬಂದ. ಬಂದವನೇ ದೊಡ್ಡಿಗಿಂತ ಮೊದಲು ಗುಡ್ಡ ಏರಿದ. ಕೆಂಪುಮಣ್ಣಿನ ಇಳಿಜಾರಿನ ತುಂಬ ತಂಗಡಿ ಹಳದಿ ಹೂ ಬಿಟ್ಟು ನಿಂತಿತ್ತು. ತೊಗಲು ಹದ ಬರುವುದು ಅದರ ತೊಗಟೆಯಿಂದಲೇ. ಒಂದು ಚೂರು ಅಗಿದು ಉಗಿದ. “ಒಗರು ಚಲೋ ಐತಿ” ಅಂದ. ಹೇಗೆ ಕಡಿಯಬೇಕು ಎನ್ನುವುದನ್ನು ಸಿದ್ದಮ್ಮನಿಗೂ ನನಗೂ ಮೊದಲ ದಿನವೇ ಕಲಿಸಿದ. ಬುಡಕ್ಕೆ ಕತ್ತಿ ಹಾಕಬಾರದು, ಒಂದು ಗಿಡದಲ್ಲಿ ದೊಡ್ಡ ಕೊಂಬೆಗಳನ್ನಷ್ಟೇ ತೆಗೆದು ಚಿಗುರು ಬಿಡಬೇಕು, ಈ ವರ್ಷ ಕಡಿದ ಗಿಡವನ್ನು ಬರುವ ವರ್ಷ ಮುಟ್ಟಬಾರದು. ಗಿಡ ತೀರಿದರೆ ಕೆಲಸವೂ ತೀರಿತು ಎನ್ನುವುದು ಅವನ ಲೆಕ್ಕ. ಹಳ್ಳದಿಂದ ದೂರ, ಎತ್ತರದ ಜಾಗದಲ್ಲಿ ಗುಂಡಿಗಳನ್ನು ತೋಡಿಸಿದ. ಹೆರೆದ ಕೂದಲು, ಸತ್ವ ಬಿಟ್ಟ ತೊಗಟೆ ಎಲ್ಲ ಮೈಲಾರಪ್ಪನ ತಿಪ್ಪೆಗೆ ಹೋಗುತ್ತಿದ್ದವು. ಹಳ್ಳಕ್ಕೆ ಒಂದು ಹನಿ ಹೋಗಕೂಡದು.

ಮೊದಲ ಸಲ ಆರು ತೊಗಲುಗಳನ್ನು, ಕೂದಲು ಬಿಡಿಸಲು, ಸುಣ್ಣದ ನೀರಿಗೆ ಹಾಕಿದ. ಅಷ್ಟರಲ್ಲಿ ಭಾದ್ರಪದದ ಮಳೆ ಹಿಡಿಯಿತು. ಆಷಾಢದಿಂದ ಹೊಂಚಿದ್ದೆಲ್ಲ ಒಮ್ಮೆಗೇ ಸುರಿಯಿತು. ಗುಡ್ಡದ ಬಂಡೆಗಳ ಮೇಲಿಂದ ನೀರು ಇಳಿದು ದೊಡ್ಡಿಯ ಸುತ್ತ ಕೆಸರಾಯಿತು. ಅಪ್ಪ ಗೋಣಿಚೀಲ ತಲೆಗೆ ಹಾಕಿಕೊಂಡು ಗುಂಡಿಗಳಿಗೆ ತಗಡು ಮುಚ್ಚುತ್ತ ಓಡಾಡಿದ. ಮಳೆ ಬಿಟ್ಟ ಮೇಲೆ ತೊಗಲು ಎತ್ತಿದರೆ, ಎತ್ತಿದ ಕಡೆಯೇ ಹರಿದು ಬಂತು, ನೆಂದ ಕಾಗದದ ಹಾಗೆ. ಆರಕ್ಕೆ ಆರೂ ಹೋದವು. ಸುಣ್ಣದಲ್ಲಿ ಹೆಚ್ಚು ದಿನ ಉಳಿದುಬಿಟ್ಟಿದ್ದವು.

ಅಪ್ಪ ಗುಂಡಿಯ ದಂಡೆಯ ಮೇಲೆ ಕೂತುಬಿಟ್ಟ. “ಕೈ ಮರತಾವ. ಗಂಟಿ ಬಾರಿಸೋದಷ್ಟ ನೆನಪೈತಿ ಅವಕ್ಕ.”

ಅವತ್ತೇ ಅವ್ವನಿಗೆ ಫೋನು ಮಾಡಿದೆ. ಸಮಾಧಾನಕ್ಕೆ ಮಾಡಿದ್ದೇ ಹೊರತು ಕರೆಯಲು ಅಲ್ಲ. ಎಲ್ಲ ಕೇಳಿಸಿಕೊಂಡು, “ಸುಣ್ಣದಾಗ ಎಷ್ಟು ದಿನ ಬಿಟ್ಟಿದ್ದ?” ಎಂದು ಕೇಳಿದಳು. ಹೇಳಿದೆ. “ಹುಚ್ಚ” ಅಂದು ಫೋನು ಇಟ್ಟಳು.

ಮರುದಿನ ಮಧ್ಯಾಹ್ನದ ಬಸ್ಸಿಗೆ ಅವ್ವ ಇಳಿದಳು. ಕೈಯಲ್ಲಿ ಒಂದು ಚೀಲ, ಮುಖದಲ್ಲಿ ಕೋಪ. ನನ್ನ ಜೊತೆ ಮನೆಗೂ ಬರದೆ ಸೀದಾ ದೊಡ್ಡಿಗೆ ನಡೆದಳು. ಅಪ್ಪ ಎದ್ದು ನಿಂತ.

“ಸುಣ್ಣ ನೋಡೋದು ಯಾವತ್ತಾದ್ರೂ ನಿನ್ನ ಕೆಲಸ ಆಗಿತ್ತೇನು?” ಅಂದಳು. “ನಾನು ನೋಡ್ತಿದ್ದೆ. ಸೊಸಿಯಾಗಿ ಬಂದ ದಿನದಿಂದ ನಾನ ನೋಡ್ತಿದ್ದೆ. ನೀನು ಎಲ್ಲರ ಮುಂದ ಮಾಡ್ತೀನಂತ ಎದ್ದು ನಿಂತು, ಹಿಂಗ ಕೆಟ್ಟ ಕೆಲಸ ಮಾಡಿದ್ರ ನಗೋರಿಗೆ ಬಾಯಿ ಕೊಟ್ಟಂಗಲ್ಲೇನು? ಮಾಡಬಾರದು. ಮಾಡಿದ್ರ ನೆಟ್ಟಗ ಮಾಡಬೇಕು.”

ಸೀರೆ ಮೇಲಕ್ಕೆ ಸಿಕ್ಕಿಸಿ ಅವತ್ತೇ ಹೊಸ ಸುಣ್ಣ ಕಲಸಿದಳು. ಮಳೆಯ ತಂಪಿನಲ್ಲಿ ಎಷ್ಟು ದಿನ, ಬಿಸಿಲಿನಲ್ಲಿ ಎಷ್ಟು ದಿನ ಎನ್ನುವುದನ್ನು ಅವಳು ಎಣಿಸುತ್ತಿರಲಿಲ್ಲ. ಹೊತ್ತಿಗೊಮ್ಮೆ ತೊಗಲೆತ್ತಿ ಹೆಬ್ಬೆರಳಿನಿಂದ ಕೂದಲನ್ನು ತಳ್ಳಿ ನೋಡುತ್ತಿದ್ದಳು. ಬೆರಳ ಕೆಳಗೆ ಕೂದಲು ತಾನಾಗಿ ಜಾರಿದ ಗಳಿಗೆಗೆ, “ತಗಿ” ಎನ್ನುತ್ತಿದ್ದಳು. ಅಪ್ಪ ಎರಡನೆಯ ಸಲ ಹೇಳಿಸಿಕೊಳ್ಳುತ್ತಿರಲಿಲ್ಲ. ಇಬ್ಬರೂ ಹೀಗೆ ಜೊತೆಯಾಗಿ ದುಡಿದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಅತ್ತ ನನ್ನ ಪಾಲಿನ ಕೆಲಸವೂ ನಡೆದಿತ್ತು. ಬರೆ ಹಾಕಿದ ಆ ಮೊದಲ ತೊಗಲನ್ನು ಒಣಗಿಸಿ ಸ್ಕೂಟಿಯಲ್ಲೇ ಇಟ್ಟುಕೊಂಡಿದ್ದೆ. ಯಾವ ಮಂದೆಗೆ ಹೋದರೂ ಅದನ್ನು ಬಿಸಿಲಿಗೆ ಹಿಡಿದು ತೋರಿಸುತ್ತಿದ್ದೆ. ಬರೆಯ ಜಾಗದಲ್ಲಿ ಬೆಳಕು ತೂರಿ ಬರುತ್ತಿತ್ತು. “ಹೊಟ್ಟಿನೋವಿಗೆ ಔಷಧ ನನ್ನ ಹತ್ರ ಐತಿ, ಕಬ್ಬಿಣ ಕಾಸಬ್ಯಾಡ್ರಿ” ಎಂದರೆ ಮೊದಮೊದಲು ನಕ್ಕರು. ಆಮೇಲೆ ಒಬ್ಬೊಬ್ಬರೇ ಆಸ್ಪತ್ರೆಗೆ ಬರತೊಡಗಿದರು. ಉಣ್ಣಿಗೆ ಔಷಧಿ ಕೇಳಿ ಪಡೆದರು. ರೊಪ್ಪದ ಬಾಯಿಗೆ ಮುಳ್ಳಿನ ಬದಲು ಮರದ ಪಟ್ಟಿ ಹೊಡೆದರು. ಹುಸೇನಸಾಬರು ಕತ್ತಿಯನ್ನು ಪಕ್ಕಕ್ಕಿಟ್ಟು ಮುಷ್ಟಿಯಿಂದಲೇ ತೊಗಲು ಬಿಡಿಸುವುದನ್ನು ಅಪ್ಪನಿಂದ ಕಲಿತು, “ಇಷ್ಟು ವರ್ಷ ಸುಮ್ನ ಕತ್ತಿ ಮಸೆದೆ ನೋಡ್ರಿ” ಎಂದರು. ಹಳ್ಳದ ತಿರುವು ಬರಿದಾಯಿತು. ನಾಯಿಗಳು ಬೇರೆ ಕಡೆ ಚದುರಿದವು. ಮೈಲಾರಪ್ಪನ ರೊಪ್ಪಕ್ಕೆ ಆ ಚಳಿಗಾಲ ಒಂದೂ ನುಗ್ಗಲಿಲ್ಲ.

ದೀಪಾವಳಿ ಕಳೆದ ಮೇಲೆ ಮೊದಲ ಹದವಾದ ತೊಗಲು ಹೊರಬಂತು. ತೊಗಟೆಯ ನೀರಿನಲ್ಲಿ ವಾರಗಟ್ಟಲೆ ಮಲಗಿ, ಅಣಲೆಕಾಯಿಯ ರಸ ಕುಡಿದು, ಎಣ್ಣೆ ಸವರಿಸಿಕೊಂಡು, ನೆರಳಲ್ಲಿ ಒಣಗಿದ್ದು. ರಾಗಿ ರೊಟ್ಟಿಯ ಅಂಚಿನ ಬಣ್ಣ. ಮಡಿಸಿದರೆ ಗೆರೆ ಬೀಳಲಿಲ್ಲ. ಅವ್ವ ಅದನ್ನು ಕೆನ್ನೆಗೆ ಒತ್ತಿ ನೋಡಿ ಅಪ್ಪನ ಕೈಗೆ ಕೊಟ್ಟಳು. ಅಪ್ಪ ಅದರಲ್ಲಿ ಸಿದ್ದಮ್ಮನಿಗೆ ಒಂದು ಚೀಲ ಹೊಲಿದ. ಆದರೆ ಕುರಿಗಾರರಿಗೆ ಬೇಕಾದದ್ದು ಚಪ್ಪಲಿ. ಕುರಿಯ ತೊಗಲು ಮೇಲಿನ ಪಟ್ಟಿಗೆ ಆದೀತು, ಅಡಿಯ ಅಟ್ಟೆಗೆ ತಡೆಯದು. ಅದಕ್ಕೆ ಎಮ್ಮೆಯ ತೊಗಲೇ ಆಗಬೇಕು. ತಾನಾಗಿ ಸತ್ತ ಎಮ್ಮೆ ಸಿಗುವವರೆಗೆ ಕಾಯೋಣ ಎಂದು ಅಪ್ಪ ಅಂದ.

ಪುಷ್ಯ ಮಾಸದ ಒಂದು ಬೆಳಿಗ್ಗೆ ದೊಡ್ಡಿಯ ಮುಂದೆ ಬೈಕು ನಿಂತಿತು. ಪಕ್ಕದ ಹಳ್ಳಿಯ ತೋಟದ ಗೌಡರ ಆಳು. ಬೈಕಿನಿಂದ ಇಳಿಯದೆ ಕೇಳಿದ.

“ತೊಗಲಿನ ಮುದುಕ ಎಲ್ಲದಾನ? ಗೌಡ್ರ ಎಮ್ಮಿ ಸತ್ತೈತಿ. ಬಂದು ಎಳಕೊಂಡು ಹೋಗಬೇಕಂತ.”

ನಾನು ಅವ್ವನ ಮುಖ ನೋಡಿದೆ. ಅವಳು ಅಂದಿದ್ದು ನಿಜವಾಗಿತ್ತು, ಕೂಗುವವರು ಇನ್ನೂ ಇದ್ದರು. ಅಪ್ಪ ಬಾಯಿ ತೆರೆಯುವ ಮೊದಲೇ ಅವ್ವ ಸುಣ್ಣದ ಕೈ ಒರೆಸಿಕೊಂಡು ಮುಂದೆ ಬಂದಳು.

“ಅವನ ಹೆಸರು ಹುಲುಗಪ್ಪ. ಎಳಿಯೋ ಕೆಲಸ ನಮ್ದಲ್ಲ. ಬೇಕಿದ್ರ ಗೌಡ್ರು ತಂದು ಕೊಡ್ಲಿ, ಸುಲದು ಹದ ಮಾಡ್ತೀವಿ. ಬ್ಯಾಡಾಗಿದ್ರ ಹುಗೀಲಿ. ಇಷ್ಟು ಹೋಗಿ ಹೇಳು.”

ಬೈಕು ಹೋಯಿತು. ಸ್ವಲ್ಪ ಹೊತ್ತಿಗೆ ನನಗೆ ಫೋನು ಬಂತು. ಪಶು ಪರೀಕ್ಷಕಿಯಾಗಿ ನಾನು ಹೋಗಲೇಬೇಕಿತ್ತು. ಕಿವಿಯಿಂದ ರಕ್ತ ತೆಗೆದು ಪರೀಕ್ಷಿಸಿದೆ, ಅಂಟುಜಾಡ್ಯ ಇರಲಿಲ್ಲ. ಹಸಿಮೇವು ಹೆಚ್ಚಾಗಿ ಹೊಟ್ಟೆ ಉಬ್ಬಿ ಸತ್ತಿತ್ತು. ಗೌಡರು ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು ಕೇಳಿದರು.

“ನಿಮ್ಮ ತಂದಿ-ತಾಯಿಯಂತ ಅವರು? ಭಾಳ ದೊಡ್ಡ ಮಾತು ಆಡ್ಯಾರಂತ.”

ಸೂಜಿಯನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದೆ.

“ನಾನು ರೋಗ ನೋಡಾಕ ಬಂದೀನ್ರಿ. ರೋಗ ಇಲ್ಲ. ಬಾವಿ ಹತ್ರ ಐತಿ, ಸಂಜಿಯೊಳಗ ತಗಸ್ರಿ. ತೊಗಲಿನ ಮಾತು ನಮ್ಮಪ್ಪನ್ನ ಕೇಳ್ರಿ.”

ನಾನಿನ್ನೂ ಅಲ್ಲಿರುವಾಗಲೇ ಗೌಡರು, ಅಪ್ಪನನ್ನು ಕರೆಸಲು, ಮೈಲಾರಪ್ಪನಿಗೆ ಹೇಳಿ ಕಳಿಸಿದರು. ಸುಗ್ಗಿ ಮುಗಿದ ಮೇಲೆ ಅವನ ಕುರಿ ಮೇಯುವುದು ಗೌಡರ ಹೊಲದಲ್ಲೇ. ರಾತ್ರಿ ಮಂದೆ ನಿಲ್ಲಿಸಿ ಗೊಬ್ಬರ ಕೊಡುವುದೂ ಅಲ್ಲೇ. ಅವರ ಮಾತು ಮೀರಿದರೆ ಮೇವಿಲ್ಲ. ಇಷ್ಟೆಲ್ಲ ತಿಳಿದೂ ಅವನು ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು ಅವರ ಮುಂದೆ ನಿಂತ.

“ಮೊದಲು ನಂಗೂ ನಾಚಿಕಿ ಆಗಿತ್ರಿ ಗೌಡ್ರ. ಆಮ್ಯಾಲ ನಾನ ಹೊತ್ತು ತಂದೀನಿ, ನನ್ನ ಹೇಣ್ತಿ ನನಗಿಂತ ಮೊದಲು ತಂದಾಳ. ಏನೂ ಕಮ್ಮಿ ಆಗಿಲ್ಲ. ನೀವು ತಂದ್ರೂ ಕಮ್ಮಿ ಆಗಂಗಿಲ್ಲ. ಅವರನ್ನ ಎಳ್ಯಾಕ ಕರಿ ಅಂತ ಮಾತ್ರ ನನಗ ಹೇಳಬ್ಯಾಡ್ರಿ.”

ಮಾತು ಕಡಿಮೆಯ ಮೈಲಾರಪ್ಪ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ.

ಹೊತ್ತು ಇಳಿಯುವ ಮುಂಚೆ ಗುಡ್ಡದ ಬುಡದ ಹಾದಿಯಲ್ಲಿ ಟ್ರ್ಯಾಕ್ಟರ್ ಸದ್ದಾಯಿತು. ಟ್ರೇಲರಿನಲ್ಲಿ ಎಮ್ಮೆ ಇತ್ತು. ಎಂಜಿನಿನ ಪಕ್ಕದಲ್ಲಿ ಗೌಡರೇ ಕೂತಿದ್ದರು. ಇಳಿದರು. ಯಾರೂ ಯಾರಿಗೂ ನಮಸ್ಕಾರ ಮಾಡಲಿಲ್ಲ. ಡ್ರೈವರು, ಮೈಲಾರಪ್ಪ, ಅಪ್ಪ ಸೇರಿ ಎಮ್ಮೆಯನ್ನು ಇಳಿಸಿದರು. ಅ‌ಪ್ಪ ಕತ್ತಿ ಹಿಡಿದು ಕೂತ. ಮೈ ಭಾರಕ್ಕೆ ಒಂದು ಕಾಲು ಮತ್ತೆ ಮತ್ತೆ ಜಾರಿ ಅಡ್ಡ ಬರುತ್ತಿತ್ತು. ಅಪ್ಪ ತಲೆ ಎತ್ತಿ, ಹತ್ತಿರ ನಿಂತಿದ್ದ ಗೌಡರಿಗೆ ಹೇಳಿದ.

“ಆ ಕಾಲು ಹಿಡೀರಿ.”

ಒರಟಾಗಿಯೂ ಅಲ್ಲ, ಅಂಜಿಕೆಯಿಂದಲೂ ಅಲ್ಲ. ಕೆಲಸ ಗೊತ್ತಿದ್ದವನು ಪಕ್ಕದವನಿಗೆ ಹೇಳುವ ಹಾಗೆ. ಗೌಡರು ಡ್ರೈವರನ ಕಡೆ ನೋಡಿದರು. ಅವನ ಎರಡೂ ಕೈ ಆಗಲೇ ಹಗ್ಗದಲ್ಲಿದ್ದವು. ಗೌಡರು ಟವೆಲನ್ನು ನಡುವಿಗೆ ಸುತ್ತಿ, ಬಗ್ಗಿ, ಕಾಲು ಹಿಡಿದರು. ಮೊದಲು ಮುಖ ಆ ಕಡೆ ತಿರುಗಿಸಿಕೊಂಡಿದ್ದರು. ಬರಬರುತ್ತ ಅಪ್ಪನ ಕೈ ನೋಡತೊಡಗಿದರು. ತೊಗಲು ಎಲ್ಲೂ ಕತ್ತಿ ತಾಗದೆ, ಹೊದಿಕೆ ಮಡಿಸಿದಂತೆ ಹಿಂದಕ್ಕೆ ಬರುತ್ತಿತ್ತು.

“ಭಾಳ ವರ್ಷ ಹಾಲು ಕೊಟ್ಟೈತಿ ಇದು” ಎಂದರು ಗೌಡರು, ಯಾರಿಗೆ ಎಂದಲ್ಲ.

“ಗೊತ್ತಾಕೈತ್ರಿ” ಅಂದ ಅಪ್ಪ. “ಮೈಮ್ಯಾಲ ಒಂದೂ ಕಲೆ ಇಲ್ಲ. ಚಲೋ ಸಾಕೀರಿ.”

ಉಳಿದದ್ದನ್ನು ಹುಗಿಯಲು ಗೌಡರು ಡ್ರೈವರನ ಜೊತೆ ತಾವೇ ನಿಂತು ಆಳವಾದ ಗುಂಡಿ ತೋಡಿಸಿದರು. ತೊಗಲಿಗೆ ಉಪ್ಪು ತಿಕ್ಕುವಾಗ ಒಂದು ಬದಿಯನ್ನು ಹಿಡಿದುಕೊಂಡರು. ಕೊನೆಗೆ ಸಿದ್ದಮ್ಮ ತನ್ನ ಕೊಡದಿಂದ ಎಲ್ಲರ ಕೈಗೂ ನೀರು ಹಾಕಿದಳು, ಅಪ್ಪನಿಗೆ ಮೊದಲು, ಗೌಡರಿಗೆ ಆಮೇಲೆ. ಮೈಲಾರಪ್ಪನ ಕುರಿಗಳು ಆ ವರ್ಷವೂ ಅದೇ ಹೊಲದಲ್ಲಿ ಮೇಯ್ದವು.

ಯುಗಾದಿಗೆ ಕುರಿಗಾರರ ಮೊದಲ ಚಪ್ಪಲಿಗಳಾದವು. ದಪ್ಪ ಅಟ್ಟೆ, ಮುಳ್ಳು ಮುರಿಯುತ್ತಿತ್ತೇ ಹೊರತು ತೂರುತ್ತಿರಲಿಲ್ಲ. ಮೈಲಾರಪ್ಪ ಹಾಕಿಕೊಂಡು ಗುಡ್ಡ ಏರಿ ಇಳಿದು ಬಂದು, “ಕಾಲಿಗೆ ಏನೂ ಗೊತ್ತಾಗವಲ್ದು” ಎಂದು ದೂರುವವನಂತೆ ಹೇಳಿದ. ಸುತ್ತಲ ಹಳ್ಳಿಗಳವರು ತಮ್ಮ ತೊಗಲನ್ನು ತಾವೇ ತರತೊಡಗಿದರು. ಎಲ್ಲರೂ ಅಲ್ಲ. ಈಗಲೂ ದಾರಿಯಲ್ಲಿ ಎಷ್ಟೋ ಊರುಗಳ ಹಳ್ಳದಲ್ಲಿ ತೊಗಲು ಕೊಳೆಯುವುದನ್ನು ನೋಡುತ್ತೇನೆ. ದೊಡ್ಡಿಗೆ ಬಂದು ಹೊರಗೆ ನಿಂತು ಬೆಲೆ ಕೇಳಿ, ನೀರು ಬೇಡ ಎಂದು ಹೋಗುವವರನ್ನೂ ಕಂಡಿದ್ದೇನೆ.

ಬೇಸಿಗೆಯಲ್ಲಿ ನನಗೆ ಹರಪನಹಳ್ಳಿಗೆ ವರ್ಗವಾಯಿತು. ಸಾಮಾನು ಕಟ್ಟಿ, ಗಾಡಿ ಹೇಳಿ, ಅಪ್ಪ ಅವ್ವನನ್ನು ಕರೆದೊಯ್ಯಲು ದೊಡ್ಡಿಗೆ ಹೋದೆ. ತಂಬ್ರಹಳ್ಳಿಯ ಮನೆ ಬೀಗ ಹಾಕಿಯೇ ಇತ್ತು, ಅಲ್ಲಿ ಬಿಟ್ಟು ಮುಂದೆ ಹೋಗಬಹುದು ಎಂದುಕೊಂಡಿದ್ದೆ. ಅಪ್ಪ ತೊಗಟೆ ಜಜ್ಜುತ್ತಿದ್ದ. ನನ್ನ ಮಾತು ಪೂರ್ತಿ ಕೇಳಿಸಿಕೊಂಡ.

“ನಿಂದು ಸರ್ಕಾರದ ಕೆಲಸ, ವರ್ಗ ಆಕೈತಿ, ಹೋಗಬೇಕು. ಇದು ನಂದು. ಇದಕ್ಕ ವರ್ಗ ಇಲ್ಲ.”

“ಅವ್ವ, ನೀನು?”

ಅವ್ವ ಗುಂಡಿಯೊಳಗೆ ಕೈ ಇಟ್ಟಿದ್ದಳು. ಒಂದು ತೊಗಲನ್ನು ಅರ್ಧ ಎತ್ತಿ, ಹೆಬ್ಬೆರಳಿನಿಂದ ಕೂದಲು ತಳ್ಳಿ ನೋಡಿದಳು. ನನ್ನ ಕಡೆ ತಿರುಗಲೂ ಇಲ್ಲ.

“ಹುಲುಗಪ್ಪಾ, ತಗಿ” ಅಂದಳು.

ಅಷ್ಟು ವರ್ಷಗಳಲ್ಲಿ ಅವ್ವ ಗಂಡನ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಪ್ಪ ತೊಗಟೆ ಜಜ್ಜುವ ಕೊಡತಿ ಕೆಳಗಿಟ್ಟು ಎದ್ದ.